ಹತಾರಕ್ಕೆ ಹೆದರಬೇಡಿ, ಬಾಟಲಿ ಮೇಲೆ ಕಣ್ಣಿಡಿ

"ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸೋಣ" ಅಂತ ಡಾಕ್ಟರು ಅಂದರೆ ಸಾಕು, ನಮ್ಮ ಕಡೆಯವರು ಸಂಜೆ ಬಸ್ಸಿಗೇ ಊರು ಸೇರಿಬಿಡುತ್ತಾರೆ. ಮೆಣಸಿನಕಾಯಿ ಬಿಡಿಸೋದು ಮುಗೀಲಿ, ಜಾತ್ರೆ ಕಳೀಲಿ, ಅಮಾವಾಸ್ಯೆ ದಾಟಲಿ ಅಂತ ದಿನ ದೂಡುತ್ತಾರೆ. ರೂಪನಗುಡಿಯಲ್ಲೂ ಹಾಗೆ, ಕುರುಗೋಡು, ಸಿರುಗುಪ್ಪದ ಬೀಗರ ಮನೆಯಲ್ಲೂ ಹಾಗೆ, ಗಡಿ ಆಚೆ ಆಲೂರು, ಆದೋನಿಯ ನೆಂಟರಲ್ಲೂ ಹಾಗೇ. ಕನ್ನಡದಲ್ಲಿ ಚೂರು ಅನ್ನಲಿ, ತೆಲುಗಿನಲ್ಲಿ ಮುಕ್ಕ ಅನ್ನಲಿ, ಎದೆ ಮಾತ್ರ ಒಂದೇ ಥರ ಡವಡವ ಅನ್ನುತ್ತದೆ.

ನಾನು ಆಪರೇಷನ್ ಥಿಯೇಟರಿನಲ್ಲಿ ಹತಾರ ತೊಳೆದು, ಟ್ರೇಯಲ್ಲಿ ಜೋಡಿಸಿ, ಡಾಕ್ಟರ ಕೈಗೆ ಕೊಡುತ್ತಾ ತಲೆ ಬೆಳ್ಳಗೆ ಮಾಡಿಕೊಂಡ ನರ್ಸು. ರಿಟೈರ್ ಆಗಿ ಊರಿಗೆ ಬಂದ ಮೇಲೆ ಕಟ್ಟೆ ಮೇಲೆ ಕೂತವರಿಗೆಲ್ಲ ಹೇಳುತ್ತಿರುವ ಮಾತನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ಮನೆಯಲ್ಲಿ ನಾಲ್ಕಕ್ಷರ ಕಲಿತ ಹುಡುಗ ಹುಡುಗಿಯರೇ, ಅಜ್ಜಿ ತಾತನ ಕೈ ಹಿಡಿದುಕೊಂಡು ಬಳ್ಳಾರಿಗೆ ಹೋಗುವವರು ನೀವೇ ತಾನೆ? ನೀವು ಹೆದರುವುದೆಲ್ಲ ಹತಾರಕ್ಕೆ. ಆ ಹತಾರ ಹೊರಗೆ ತಂದ ಚೂರು ಎಲ್ಲಿಗೆ ಹೋಯಿತು, ಏನಾಯಿತು ಅಂತ ಕೇಳುವವರು ಒಬ್ಬರೂ ಇಲ್ಲ. ಕಾಳಜಿ ಅತ್ತ ಕಡೆ ಇರಬೇಕು.

ಮೊದಲು ಆ ಹಳೇ ಮಾತನ್ನು ವಿಚಾರಿಸೋಣ. ಗಡ್ಡೆಗೆ ಕಬ್ಬಿಣ ತಾಗಿಸಬಾರದು, ತಾಗಿಸಿದರೆ ಸಿಟ್ಟಿಗೆದ್ದು ಮೈಯೆಲ್ಲ ಹರಡುತ್ತದೆ ಅನ್ನುತ್ತಾರೆ. ಇದು ಎಲ್ಲಿಂದ ಹುಟ್ಟಿತು ಅನ್ನುವುದು ಆಸ್ಪತ್ರೆ ಬಾಗಿಲಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತು. ಗಂಟು ಕಂಡ ವರ್ಷ ಯಾರೂ ಬರುವುದಿಲ್ಲ. ಸೊಪ್ಪಿನ ಲೇಪ, ಗಂಟು ಕರಗಿಸುವ ಪುಡಿ, ಮೂರು ಊರಿನ ಹರಕೆ ಎಲ್ಲ ಮುಗಿದು, ಗಂಟು ಒಡೆದು ಹುಣ್ಣಾದ ಮೇಲೆ ಬರುತ್ತಾರೆ. ಆಗ ಚೂರು ತೆಗೆಯುತ್ತಾರೆ, ಕೆಲವೇ ತಿಂಗಳಲ್ಲಿ ಜೀವ ಹೋಗುತ್ತದೆ. ಊರಿನ ಕಣ್ಣಿಗೆ ಬೀಳುವುದು ಕೊನೆಯ ಆಟ ಒಂದೇ: ಚುಚ್ಚಿದರು, ಸತ್ತರು. ಅದಕ್ಕೆ ಮುಂಚೆ ಸುಮ್ಮನೆ ಕಳೆದ ಕಾಲ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಂತ ಆ ಮಾತು ಪೂರಾ ಗಾಳಿಸುದ್ದಿ ಅಂತ ಹೇಳಿ ನಿಮ್ಮನ್ನು ಮರುಳು ಮಾಡುವುದಿಲ್ಲ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿದುಕೊಳ್ಳುವುದು ಅಪರೂಪಕ್ಕೆ ಉಂಟು, ಡಾಕ್ಟರರಿಗೂ ಅದು ಗೊತ್ತು. ಆದ್ದರಿಂದಲೇ ವೃಷಣದ ಗಡ್ಡೆ ಕ್ಯಾನ್ಸರಿನ ಹಾಗೆ ಕಂಡರೆ ಅದಕ್ಕೆ ಸೂಜಿ ಹಾಕುವುದಿಲ್ಲ, ತೊಡೆಸಂದಿನ ಕಡೆಯಿಂದ ವೃಷಣವನ್ನೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮೂಳೆಯ ಗಡ್ಡೆ, ಮಾಂಸಖಂಡದ ಗಡ್ಡೆಯಾದರೆ ಮುಂದೆ ದೊಡ್ಡ ಆಪರೇಷನ್ ಮಾಡುವ ಸರ್ಜನ್ನೇ ಸೂಜಿಯ ಜಾಗ ಗೊತ್ತು ಮಾಡಬೇಕು. ನಾಳೆ ಗಡ್ಡೆ ತೆಗೆಯುವಾಗ ಆ ದಾರಿಯನ್ನೂ ಕೂಡಿಸಿ ತೆಗೆಯಲು ಬರಬೇಕಲ್ಲ. ಇದರಿಂದ ನೀವು ತಿಳಿಯಬೇಕಾದದ್ದು ಇಷ್ಟು: ತೊಡೆಯಲ್ಲೋ ತೋಳಲ್ಲೋ ಆಳವಾದ ಗಡ್ಡೆ ಬೆಳೆಯುತ್ತಿದ್ದರೆ ಸಿಕ್ಕ ಸಿಕ್ಕ ಕ್ಲಿನಿಕ್ಕಿನಲ್ಲಿ ಕೊಯ್ಯಿಸಬೇಡಿ, ಕೊನೆತನಕ ಚಿಕಿತ್ಸೆ ಕೊಡಬಲ್ಲ ಕಡೆಗೇ ಹೋಗಿ. ಉಳಿದ ಗಂಟುಗಳ ವಿಷಯದಲ್ಲಿ, ಎದೆಯ ಗಂಟಿರಲಿ, ಕುತ್ತಿಗೆಯ ಗಂಟಿರಲಿ, ಪರೀಕ್ಷೆಯಿಂದ ಆಗುವ ಕೆಡುಕಿಗಿಂತ ಪರೀಕ್ಷೆ ಮುಂದೂಡಿದ್ದರಿಂದ ಆಗುವ ಕೆಡುಕು ಎಷ್ಟೋ ಪಾಲು ಹೆಚ್ಚು.

ಇನ್ನು ಹತಾರಗಳು. ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಭತ್ತ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ನೋಡುವವನು ಚೀಲದ ಹೊಟ್ಟೆಗೆ ಮೊನಚಾದ ಕೊಳವೆ ಚುಚ್ಚಿ, ಒಂದಿಷ್ಟು ಕಾಳು ಎಳೆದು, ಅಂಗೈ ಮೇಲೆ ಹಾಕಿಕೊಂಡು ತೇವ, ಜೊಳ್ಳು ನೋಡುತ್ತಾನೆ. ಚೀಲ ಸುರಿಯುವುದಿಲ್ಲ, ಹೊಲಿಗೆ ಬಿಚ್ಚುವುದಿಲ್ಲ. ಎದೆಯ ಗಂಟಿಗೆ ಹಾಕುವ ಟ್ರೂಕಟ್ ಸೂಜಿ ಮಾಡುವ ಕೆಲಸವೂ ಅದೇ. ಅದರಲ್ಲಿ ಒಂದರೊಳಗೆ ಒಂದು ಎರಡು ಸೂಜಿ. ಒಳಗಿನ ಸೂಜಿಯ ತುದಿಯ ಹತ್ತಿರ ಉದ್ದಕ್ಕೆ ಒಂದು ಕಚ್ಚು ಇರುತ್ತದೆ, ಸುಮಾರು 2 ಸೆಂಟಿಮೀಟರ್. ಅದು ಗಂಟಿನೊಳಗೆ ಹೋದಾಗ ಮಾಂಸ ಆ ಕಚ್ಚಿನೊಳಗೆ ಕೂರುತ್ತದೆ. ಹೊರಗಿನ ಸೂಜಿಯ ಬಾಯಿ ಹರಿತ. ಅದು ಸರ್ರನೆ ಮುಂದೆ ಜಾರಿ ಆ ಎಳೆಯನ್ನು ಕತ್ತರಿಸಿ ಒಳಗೇ ಮುಚ್ಚಿಕೊಳ್ಳುತ್ತದೆ. ಈಗ ಹೆಚ್ಚಿನ ಕಡೆ ಸ್ಪ್ರಿಂಗ್ ಇರುವ ಗನ್ ಬಳಸುತ್ತಾರೆ. ಗುಂಡಿ ಒತ್ತಿದರೆ ಠಕ್ ಅಂತ ಸದ್ದು, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಆ ಸದ್ದಿಗೇ ಎಷ್ಟೋ ಜನ ಬೆಚ್ಚಿ ಬೀಳುತ್ತಾರೆ, ನೋವಿಗಲ್ಲ. "ಸರ್, ಆ ಸದ್ದು ಒಂದು ಸಲ ಮೊದಲೇ ಕೇಳಿಸಿಬಿಡಿ" ಅನ್ನಿ. ಒಳ್ಳೆಯ ಡಾಕ್ಟರು ಕೇಳುವ ಮುಂಚೆಯೇ ಕೇಳಿಸುತ್ತಾರೆ.

ಸೂಜಿಯ ನಂಬರ್ ನೋಡಿ ಗಾಬರಿಯಾಗಬೇಡಿ, ಅದರ ಲೆಕ್ಕ ಉಲ್ಟಾ. 14 ಗೇಜ್ ದಪ್ಪ, ಸುಮಾರು 2 ಮಿಲಿಮೀಟರ್. 18 ಗೇಜ್ ಅದಕ್ಕಿಂತ ಸಣ್ಣ. ಎದೆಯ ಗಂಟಿಗೆ ಸಾಮಾನ್ಯವಾಗಿ 14, ಒಳ ಅಂಗಗಳಿಗೆ 16 ಅಥವಾ 18. ಒಂದೇ ಎಳೆಗೆ ಬಿಡುವುದಿಲ್ಲ, ನಾಲ್ಕೈದು ತೆಗೆಯುತ್ತಾರೆ. ಪ್ರಾಸ್ಟೇಟ್ ಗ್ರಂಥಿಗಾದರೆ 12 ಎಳೆ ತೆಗೆಯುವುದು ವಾಡಿಕೆ. "ಒಂದು ಅಂದವರು ಐದು ಸಲ ಚುಚ್ಚಿದರು" ಅಂತ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. ಐದು ಸಲ ತೆಗೆದದ್ದು ಆರನೇ ದಿನ ಮತ್ತೆ ಕರೆಸಬಾರದು ಅಂತ, ಮಾರಾಯರೆ.

ಇನ್ನೊಂದು ಸಣ್ಣ ಸೂಜಿ ಇದೆ, 22, 23 ಗೇಜಿನದು. ಎಫ್‌ಎನ್‌ಎಸಿ ಅಂತ ಚೀಟಿಯಲ್ಲಿ ಬರೆಯುತ್ತಾರೆ. ಅದು ಏನನ್ನೂ ಕತ್ತರಿಸುವುದಿಲ್ಲ, ಬಿಡಿ ಜೀವಕೋಶಗಳನ್ನು ಹೀರಿ ಗಾಜಿನ ಮೇಲೆ ಬಳಿಯುತ್ತಾರೆ, ಬೇಗ ಉತ್ತರ ಸಿಗುತ್ತದೆ. ಕುತ್ತಿಗೆಯ ಗಂಟು, ಥೈರಾಯ್ಡ್ ಗಂಟಿಗೆ ಮೊದಲು ಇದನ್ನೇ ಮಾಡುವುದು ಹೆಚ್ಚು. ಎದೆಯ ಕ್ಯಾನ್ಸರಿನ ಅನುಮಾನವಿದ್ದರೆ ಮಾತ್ರ ಎಳೆ ತೆಗೆಯುವ ಸೂಜಿಯೇ ಬೇಕು. ಯಾವ ಜಾತಿಯ ಕ್ಯಾನ್ಸರ್, ಹಾರ್ಮೋನ್ ಮಾತ್ರೆಗೆ ಬಗ್ಗುತ್ತದೋ ಇಲ್ಲವೋ, ಹರ್-2 ಅನ್ನುವ ಪ್ರೋಟೀನ್ ಹೆಚ್ಚಿದೆಯೋ ಇಲ್ಲವೋ ಎಲ್ಲವನ್ನೂ ಆ ಎಳೆಯಿಂದಲೇ ನೋಡಬೇಕು. "ಒಂದು ಸಲ ಚುಚ್ಚಿಸಿದ್ವಲ್ಲ, ಮತ್ತೇಕೆ?" ಅನ್ನುವವರಿಗೆ ಇದೇ ಉತ್ತರ.

ಚರ್ಮಕ್ಕೆ ಬೇರೆ ಹತಾರ. ಪಂಚ್ ಅಂತ ಕರೆಯುತ್ತಾರೆ. ನ್ಯೂಯಾರ್ಕಿನ ಎಡ್ವರ್ಡ್ ಲಾರೆನ್ಸ್ ಕೀಸ್ ಅನ್ನುವ ಡಾಕ್ಟರು 1887ರಲ್ಲಿ ಅದರ ಬಗ್ಗೆ ಬರೆದರು; ಇವತ್ತಿಗೂ ಕೀಸ್ ಪಂಚ್ ಅನ್ನುವ ಹೆಸರು ಉಳಿದಿದೆ. ಹಿಡಿಯ ತುದಿಯಲ್ಲಿ ದುಂಡಗಿನ ಬಾಯಿ, ಬಾಯಿಯ ಅಂಚೆಲ್ಲ ಹರಿತ. 2 ಮಿಲಿಮೀಟರಿನಿಂದ 8 ಮಿಲಿಮೀಟರಿನವರೆಗೆ ಸಿಗುತ್ತದೆ, ಹೆಚ್ಚು ಬಳಸುವುದು 3 ಮತ್ತು 4. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ಎಡಗೈ ಬೆರಳಿನಿಂದ ಚರ್ಮವನ್ನು ಅದರ ಸಹಜ ಗೆರೆಗಳಿಗೆ ಅಡ್ಡವಾಗಿ ಎಳೆದು ಹಿಡಿಯುತ್ತಾರೆ. ಪಂಚ್ ಇಟ್ಟು ತಿರುಗಿಸುತ್ತಾ ಒತ್ತುತ್ತಾರೆ. ಕೈ ಬಿಟ್ಟ ಕೂಡಲೇ ದುಂಡಗಿನ ಗಾಯ ಸಡಿಲಗೊಂಡು ಅಂಡಾಕಾರವಾಗುತ್ತದೆ, ಒಂದೇ ಹೊಲಿಗೆಗೆ ಎರಡು ಅಂಚೂ ಜೋಡಿಯಾಗಿ ಕೂರುತ್ತವೆ. ಇಷ್ಟು ಸಣ್ಣ ಕೆಲಸದಲ್ಲಿ ಎಂಥ ಬುದ್ಧಿ ಇದೆ ನೋಡಿ. ನನಗಂತೂ ಕೊನೆಯ ದಿನದವರೆಗೂ ಇದನ್ನು ನೋಡುವುದೆಂದರೆ ಇಷ್ಟ.

ಮೈಮೇಲೆ ಬಿಳಿಚಿಕೊಂಡ ಅಥವಾ ಕೆಂಪಾದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ ಕುಷ್ಠದ ಅನುಮಾನ ಬರುತ್ತದೆ. ಆಗಲೂ ಕೆಲವು ಸಲ ಪಂಚ್ ಹಾಕುತ್ತಾರೆ. ಚರ್ಮದ ಕೆಳಗಿನ ಕೊಬ್ಬಿನವರೆಗೂ ಹೋಗಬೇಕು, ನರಗಳ ಎಳೆ ಅಲ್ಲಿ ಸಿಗುತ್ತದೆ. ಇನ್ನು ಕೆಲವು ಸಲ 15ನೇ ನಂಬರಿನ ಬ್ಲೇಡು ಸಾಕು. ಕಿವಿಯ ಹಾಲೆಯನ್ನು ರಕ್ತ ಬಾರದ ಹಾಗೆ ಬಿಗಿಯಾಗಿ ಚಿವುಟಿ ಹಿಡಿದು, 5 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಆಳ ಗೀರಿ, ಆ ರಸವನ್ನು ಗಾಜಿಗೆ ಬಳಿಯುತ್ತಾರೆ. ಊರಲ್ಲಿ ಹೆಸರು ಕೆಡುತ್ತದೆ ಅಂತ ಮಚ್ಚೆ ಮುಚ್ಚಿಕೊಂಡು ಓಡಾಡಬೇಡಿ. ಔಷಧಿ ಸರ್ಕಾರದ್ದು, ಕಾಸು ಖರ್ಚಿಲ್ಲ, ವಾಸಿಯಾಗುತ್ತದೆ. ಬೆರಳು ಮಡಿಚಿಕೊಂಡ ಮೇಲೆ ಬಂದರೆ ಮಡಿಚಿದ ಬೆರಳು ಔಷಧಿಯಿಂದ ಮೊದಲಿನ ಹಾಗೆ ಆಗುವುದಿಲ್ಲ.

ಹೆಣ್ಣುಮಕ್ಕಳೇ, ಈಗ ನಿಮ್ಮ ಕಿವಿಗೊಂದು ಮಾತು. ಗಂಡಸರು ಬೇಕಾದರೆ ಕೇಳಿಸಿಕೊಳ್ಳಲಿ. 30 ವರ್ಷ ದಾಟಿದವರ ಬಾಯಿ, ಎದೆ, ಗರ್ಭಕೋಶದ ಬಾಯಿ ನೋಡಬೇಕು ಅಂತ ಸರ್ಕಾರದ್ದೇ ಕಾರ್ಯಕ್ರಮ ಇದೆ. ಗರ್ಭಕೋಶದ ಬಾಯಿಗೆ ತೆಳುವಾದ ಹುಳಿ ದ್ರಾವಣ ಹಚ್ಚಿ ನೋಡುತ್ತಾರೆ. ಬೆಳ್ಳಗೆ ತೇಪೆ ಎದ್ದರೆ ಮುಂದಿನ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಅಲ್ಲಿ ದುರ್ಬೀನಿನಲ್ಲಿ ನೋಡುತ್ತಾ, ಅನುಮಾನ ಬಂದ ಕಡೆ ಟಿಷ್ಲರ್ ಅನ್ನುವ ಉದ್ದ ಕೈಯ ಇಕ್ಕಳದಿಂದ ಕೆಲವೇ ಮಿಲಿಮೀಟರಿನ ಚೂರು ಕಚ್ಚಿ ತೆಗೆಯುತ್ತಾರೆ. ಆ ಇಕ್ಕಳ ನೋಡಲು ಉದ್ದ, ಭಯಾನಕ. ಕೈ ಹೋಗಲಿ ಅಂತ ಉದ್ದ ಮಾಡಿದ್ದಾರೆ, ಕಚ್ಚುವ ಬಾಯಿ ಮಾತ್ರ ಪುಟ್ಟದು. ಚಿವುಟಿದ ಹಾಗೆ, ಮುಟ್ಟಿನ ದಿನದ ಹೊಟ್ಟೆನೋವಿನ ಹಾಗೆ ಒಂದು ಕ್ಷಣ ಅನ್ನಿಸುತ್ತದೆ. ಕೆಲವರಿಗೆ ಹೆಚ್ಚೇ ನೋಯುತ್ತದೆ, ಸುಳ್ಳೇಕೆ ಹೇಳಲಿ. ನೋಯುತ್ತಿದೆ ಅಂತ ಬಾಯಿ ಬಿಟ್ಟು ಹೇಳಿ, ನಿಲ್ಲಿಸಿ ಮರಗಟ್ಟಿಸುವ ಔಷಧಿ ಕೊಡಲು ಕೇಳಿ. ರಕ್ತ ನಿಲ್ಲಲು ಮಾನ್ಸೆಲ್ ಅನ್ನುವ ಕಬ್ಬಿಣದ ಸಾರದ ಔಷಧಿ ಹಚ್ಚುತ್ತಾರೆ. ಅದರಿಂದ ಎರಡು ಮೂರು ದಿನ ಕಪ್ಪು ಕಂದು ಬಣ್ಣದ್ದು ಹೋಗುತ್ತದೆ. ಒಳಗೆ ಏನೋ ಕೊಳೆಯಿತು ಅಂತ ನಡುರಾತ್ರಿ ಅಳುತ್ತಾ ಕೂರಬೇಡಿ, ಅದು ಔಷಧಿಯ ಬಣ್ಣ. ಕೆಂಪು ರಕ್ತ ಬಟ್ಟೆ ತೋಯುವಷ್ಟು ಹೋದರೆ, ಜ್ವರ ಬಂದರೆ, ವಾಸನೆ ಬಂದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಿ. ಬಸುರಿಯಾಗಿದ್ದರೆ ಅಥವಾ ಅನುಮಾನವಿದ್ದರೆ ಮೊದಲೇ ಹೇಳಿಬಿಡಿ. ಜೊತೆಗೆ ಅತ್ತೆಯೋ ಅಕ್ಕನೋ ಇರಲಿ ಅಂತ ಕೇಳುವುದು ನಿಮ್ಮ ಹಕ್ಕು.

ಬಾಯಿಯ ಹುಣ್ಣು ನಮ್ಮ ಕಡೆ ದೊಡ್ಡ ಕಥೆ. ಎಲೆಯಡಿಕೆ ಜೊತೆ ತಂಬಾಕು, ಕೆನ್ನೆಯೊಳಗೆ ರಾತ್ರಿಯೆಲ್ಲ ಉಂಡೆ, ಹುಡುಗರ ಜೇಬಿನಲ್ಲಿ ಚೀಟಿ. ಗುಟ್ಕಾ ಮಾರಬಾರದು ಅಂತ ಕರ್ನಾಟಕದಲ್ಲಿ 2013ರಲ್ಲೇ ಆದೇಶ ಬಂತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು ಬಾಯಿಯಲ್ಲಿ ಒಂದಾದವು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ತೇಪೆ, ಬಾಯಿಗೆ ಮೂರು ಬೆರಳು ಹೋಗದಷ್ಟು ಬಿಗಿತ ಇದ್ದರೆ ತೋರಿಸಿ. ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿನಲ್ಲೂ ಬಾಯಿಯ ಚೂರು ಪರೀಕ್ಷೆ ಇದೆ. ಇಲ್ಲಿ ಬ್ಲೇಡು ಅಥವಾ ಪಂಚ್ ಬಳಸಿ ಹುಣ್ಣಿನ ಅಂಚಿನಿಂದ, ಪಕ್ಕದ ಒಳ್ಳೆ ಚರ್ಮವನ್ನೂ ಒಂದಿಷ್ಟು ಸೇರಿಸಿ ತೆಗೆಯುತ್ತಾರೆ. ಹುಣ್ಣಿನ ನಡುವೆ ಸತ್ತ ಮಾಂಸ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಚೆನ್ನಾಗಿದ್ದ ಕಡೆ ಯಾಕೆ ಕೊಯ್ದಿರಿ" ಅಂತ ಡಾಕ್ಟರ ಮೇಲೆ ಹರಿಹಾಯಬೇಡಿ. ಆಮೇಲೆ ಎರಡು ದಿನ ತಣ್ಣಗಿನ ಗಂಜಿ, ಮಜ್ಜಿಗೆ ಅನ್ನ. ಒಗ್ಗರಣೆ, ಮಿರ್ಚಿ ಬೇಡ. ಬಳ್ಳಾರಿ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ಆದರೂ ಬೇಡ. ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ ಒತ್ತುವುದಂತೂ ಬೇಡವೇ ಬೇಡ.

ಹತಾರ ಹರಿತವಾಗಿದ್ದಷ್ಟೂ ನಿಮಗೇ ಒಳ್ಳೆಯದು. ಮೊಂಡು ಪಂಚ್ ಮಾಂಸವನ್ನು ಜಜ್ಜುತ್ತದೆ. ಜಜ್ಜಿದ ಚೂರು ಸೂಕ್ಷ್ಮದರ್ಶಕದಡಿ ಬರೀ ನೀಲಿ ಕಲೆಯಾಗಿ ಕಾಣುತ್ತದೆ, ನೋಡುವ ಪೆಥಾಲಜಿ ಡಾಕ್ಟರು ತಲೆ ಚಚ್ಚಿಕೊಳ್ಳುತ್ತಾರೆ. ತೆಗೆದ ಚೂರನ್ನು ಹಲ್ಲಿನ ಚಿಮಟದಿಂದ ಹಿಡಿಯದೆ ಸೂಜಿಯ ತುದಿಯಿಂದ ಎತ್ತುವುದೂ ಇದಕ್ಕೇ. ಸುಶ್ರುತ ಸಂಹಿತೆಯಲ್ಲಿ 101 ಯಂತ್ರ, 20 ಶಸ್ತ್ರಗಳನ್ನು ಹೇಳಿದ್ದಾರೆ. ಶಸ್ತ್ರ ಕೂದಲನ್ನು ಕತ್ತರಿಸುವಷ್ಟು ಹರಿತವಾಗಿರಬೇಕು, ನುಣುಪು ಕಲ್ಲಿನ ಮೇಲೆ ಮಸೆಯಬೇಕು, ಅಲಗು ಕೆಡದ ಹಾಗೆ ಬೂರುಗದ ಹಲಗೆ ಬಳಸಬೇಕು ಅಂತಲೂ ಇದೆ. ಈಗ ಮಸೆಯುವ ಕಾಲ ಹೋಯಿತು. ಪಂಚ್, ಬ್ಲೇಡು, ಸೂಜಿ ಒಬ್ಬರಿಗೆ ಒಂದೇ ಸಲ. ನಿಮ್ಮೆದುರಿಗೇ ಪ್ಯಾಕೆಟ್ ಒಡೆಯಲಿ ಅಂತ ಕೇಳಿ, ಯಾರೂ ಬೇಸರ ಮಾಡಿಕೊಳ್ಳಬಾರದು. ಟಿಷ್ಲರ್ ಥರದ ಉಕ್ಕಿನ ಇಕ್ಕಳಗಳನ್ನು ಮಾತ್ರ ಆಟೊಕ್ಲೇವಿನಲ್ಲಿ 121 ಡಿಗ್ರಿ ಹಬೆಯಲ್ಲಿ ಬೇಯಿಸಿ ಮತ್ತೆ ಬಳಸುತ್ತಾರೆ. ಅದರಲ್ಲಿ ತಪ್ಪಿಲ್ಲ.

ಒಳಗೆ ಹೋಗುವ ಮುಂಚೆ ನೀವು ಬಾಯಿ ಬಿಡಬೇಕಾದ ವಿಷಯ: ರಕ್ತ ತೆಳು ಮಾಡುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ್ದು, ಸಕ್ಕರೆ ಕಾಯಿಲೆ, ಹಿಂದೆ ಯಾವುದಾದರೂ ಇಂಜೆಕ್ಷನ್ ಆಗದೆ ಮೈಯೆಲ್ಲ ದದ್ದು ಎದ್ದದ್ದು. ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಹೋಗಬೇಡಿ, ನಿಲ್ಲಿಸಬೇಕೋ ಬೇಡವೋ ಡಾಕ್ಟರು ಹೇಳಲಿ. ಬರೀ ಮರಗಟ್ಟಿಸಿ ಮಾಡುವುದಾದರೆ ಉಪವಾಸ ಬೇಕಿಲ್ಲ, ಕೇಳಿಕೊಂಡು ಎರಡು ಇಡ್ಲಿ ತಿಂದೇ ಹೋಗಿ. ತಲೆ ಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಖಾಲಿ ಹೊಟ್ಟೆಯವರೇ.

ಈಗ ಬಾಟಲಿಗೆ ಬರೋಣ. ಹತಾರದ ಕೆಲಸ ಕೆಲವೇ ನಿಮಿಷದ್ದು. ಚೂರು ಬಾಟಲಿಗೆ ಬಿದ್ದ ಮೇಲೆ ಅದರ ಪಯಣ ಶುರು. ಎಷ್ಟೋ ಕಡೆ ಆ ಬಾಟಲಿಯನ್ನು ನಿಮ್ಮ ಕೈಗೇ ಕೊಟ್ಟು "ಲ್ಯಾಬಿಗೆ ಕೊಟ್ಟು ಬನ್ನಿ" ಅನ್ನುತ್ತಾರೆ. ಆ ಕ್ಷಣದಿಂದ ಜವಾಬ್ದಾರಿ ನಿಮ್ಮದೇ. ಹೆಸರು, ವಯಸ್ಸು, ಆಸ್ಪತ್ರೆ ನಂಬರ್, ದೇಹದ ಯಾವ ಜಾಗ, ಎಡವೋ ಬಲವೋ ಎಲ್ಲ ಬಾಟಲಿಯ ಮೈಮೇಲೆ ಇರಬೇಕು. ಮುಚ್ಚಳದ ಮೇಲೆ ಬರೆದಿದ್ದರೆ ಒಪ್ಪಬೇಡಿ. ಲ್ಯಾಬಿನ ಮೇಜಿನ ಮೇಲೆ ಹತ್ತು ಬಾಟಲಿಯ ಮುಚ್ಚಳ ತೆಗೆದಿಟ್ಟರೆ ಯಾವ ಮುಚ್ಚಳ ಯಾರದು? ನಮ್ಮೂರಲ್ಲಿ ಒಂದೇ ಓಣಿಯಲ್ಲಿ ಹನುಮಂತಪ್ಪಗಳು ಎಷ್ಟು ಜನ ಅಂತ ನಿಮಗೇ ಗೊತ್ತು.

ಒಳಗಿನ ದ್ರವ ಫಾರ್ಮಲಿನ್. ಅಂಗಡಿಯ ಗಟ್ಟಿ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿದ್ದು. ಚೂರು ಕೊಳೆಯದೆ ತನ್ನ ರೂಪದಲ್ಲೇ ನಿಲ್ಲಬೇಕಾದರೆ ಅದರ ಹತ್ತು ಪಟ್ಟಾದರೂ ದ್ರವ ಇರಬೇಕು, ಚೂರು ಪೂರಾ ಮುಳುಗಿರಬೇಕು. ಉಪ್ಪುನೀರಿನ ಸಲೈನಿನಲ್ಲಿ ಹಾಕಿಟ್ಟರೆ ಬಳ್ಳಾರಿ ಸೆಖೆಗೆ ಬೇಗ ಹಾಳಾಗುತ್ತದೆ. ಒಣ ಹತ್ತಿಯಲ್ಲಿ ಸುತ್ತಿದರೆ ಒಣಗುತ್ತದೆ. ಫ್ರಿಜ್ಜಿನ ಐಸಿನ ಪೆಟ್ಟಿಗೆಯಲ್ಲಿ ಇಟ್ಟರೆ ಹಿಮದ ಹರಳು ಚೂರನ್ನು ಒಳಗಿಂದೊಳಗೇ ಹರಿಯುತ್ತದೆ. ಮನೆಯ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟರೆ ಸಾಕು. ಮುಚ್ಚಳ ತೆಗೆದು ಮೂಸಬೇಡಿ, ಕಣ್ಣು ಉರಿಯುತ್ತದೆ. ಆದಷ್ಟು ಅದೇ ದಿನ ತಲುಪಿಸಿ. ಸೋಮವಾರ ಸಂತೆಗೆ ಹೋದಾಗ ಕೊಟ್ಟರಾಯಿತು ಅನ್ನುವ ಮಾತು ಬೇಡ.

ಫಾರ್ಮಲಿನ್ನಿನ ಈ ಮಾತಿಗೂ ಒಂದು ವಿನಾಯಿತಿ ಇದೆ. ಬಳ್ಳಾರಿಯ ವೆಲ್ಲೆಸ್ಲಿ ಟಿಬಿ ಆಸ್ಪತ್ರೆಯ ಹೆಸರು ಕೇಳದ ಹಿರಿಯರು ನಮ್ಮಲ್ಲಿಲ್ಲ, ಕುತ್ತಿಗೆಯ ಗಂಟು ಅಂದರೆ ಈಗಲೂ ಟಿಬಿ ನೆನಪಾಗಬೇಕು. ಕ್ರಿಮಿಯನ್ನು ಬೆಳೆಸಿ ನೋಡಬೇಕಾದರೆ ಫಾರ್ಮಲಿನ್ ಕೂಡದು, ಅದು ಕ್ರಿಮಿಯನ್ನೇ ಕೊಲ್ಲುತ್ತದೆ. ಆಗ ಎರಡು ಬಾಟಲಿ ಬೇಕು: ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಶುದ್ಧ ಸಲೈನ್. "ಟಿಬಿಗೂ ಕಳಿಸುತ್ತೀರಾ ಸರ್, ಬೇರೆ ಬಾಟಲಿ ಬೇಕಾ?" ಅಂತ ಚೂರು ತೆಗೆಯುವ ಮುಂಚೆಯೇ ಕೇಳಿ. ಆ ಒಂದು ಪ್ರಶ್ನೆ ಎರಡನೇ ಕೊಯ್ತವನ್ನು ಉಳಿಸುತ್ತದೆ.

ಇನ್ನೊಂದು ನನ್ನ ಹೊಟ್ಟೆ ಉರಿಸುವ ಸಂಗತಿ. ಬೆನ್ನಮೇಲಿನ ಗಂಟು, ಎದೆಯ ಸಣ್ಣ ಗಡ್ಡೆಯನ್ನು ಯಾವುದೋ ಕ್ಲಿನಿಕ್ಕಿನಲ್ಲಿ ಪೂರಾ ತೆಗೆದು, "ಕೊಬ್ಬಿನ ಗಡ್ಡೆ, ಏನಿಲ್ಲ" ಅಂತ ಹೇಳಿ ಬಕೆಟ್ಟಿಗೆ ಎಸೆದುಬಿಡುತ್ತಾರೆ. ವರ್ಷದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದಾಗ ಮೊದಲಿನದು ಏನಿತ್ತು ಅಂತ ಹೇಳಲು ದೇವರಿಗೂ ಆಗುವುದಿಲ್ಲ. ಪರೀಕ್ಷೆಯ ದುಡ್ಡು ಉಳಿಸಲು ಮನೆಯವರೇ "ಬೇಡ ಬಿಡಿ" ಅಂದದ್ದೂ ಉಂಟು. ಮೈಯಿಂದ ತೆಗೆದ ಗಡ್ಡೆ ಎಷ್ಟೇ ಸಣ್ಣದಿರಲಿ, ಲ್ಯಾಬಿಗೆ ಹೋಗಲೇಬೇಕು ಅಂತ ಹಟ ಹಿಡಿಯಿರಿ.

ಲ್ಯಾಬಿನಲ್ಲಿ ಆ ಚೂರಿಗೆ ಇನ್ನೊಂದು ಕತ್ತಿ ಕಾದಿರುತ್ತದೆ. ನೀರಿನಂಶ ತೆಗೆದು, ಮೇಣದೊಳಗೆ ಕೂಡಿಸಿ, ಮೈಕ್ರೊಟೋಮ್ ಅನ್ನುವ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ; ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಆಮೇಲೆ ಬಣ್ಣ ಹಾಕಿ ನೋಡುವುದು. ಆದ್ದರಿಂದ ಸಂಜೆಗೇ ರಿಪೋರ್ಟ್ ಕೊಡಿ ಅಂತ ಜೋರು ಮಾಡಬೇಡಿ, ಕೆಲವು ದಿನ ಬೇಕು. ಮೂಳೆಯಾದರೆ ಅದನ್ನು ಮೊದಲು ಮೆತ್ತಗೆ ಮಾಡಬೇಕು, ಇನ್ನೂ ತಡ. ಬಾಟಲಿ ಕೊಟ್ಟಾಗಲೇ ಲ್ಯಾಬ್ ನಂಬರ್ ಕೇಳಿ ಫೋನಿನಲ್ಲಿ ಫೋಟೊ ತೆಗೆದುಕೊಂಡು, ಯಾವತ್ತು ಬರಬೇಕು ಅಂತ ಬರೆಸಿಕೊಂಡು, ಆ ದಿನ ಹೋಗಿ. ರಿಪೋರ್ಟ್ ತಾನಾಗಿ ಮನೆಗೆ ನಡೆದು ಬರುವುದಿಲ್ಲ.

ಬಂದ ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ ಅಂತಿದ್ದರೂ, ಗಂಟು ಬೆಳೆಯುತ್ತಲೇ ಇದ್ದರೆ ಡಾಕ್ಟರಿಗೆ ಮತ್ತೆ ತೋರಿಸಬೇಕು. ಸೂಜಿ ಪಕ್ಕದ ಒಳ್ಳೆ ಮಾಂಸವನ್ನು ತಂದಿರಬಹುದು. ಚೂರು ಸಾಲದು ಅಂತ ಬರೆದಿದ್ದರೆ ಮತ್ತೊಮ್ಮೆ ತೆಗೆಸಿಕೊಳ್ಳಿ, ಬೇಸರ ಪಡಬೇಡಿ. ಕ್ಯಾನ್ಸರ್ ಅಂತ ಬಂದರೆ ಆ ಕಾಗದವೇ ಮುಂದಿನ ದಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ ಅನ್ನುತ್ತಾರಲ್ಲ, ಕ್ಯಾನ್ಸರಿಗೆ ಮಂಜೂರು ಮಾಡುವಾಗ ಚೂರಿನ ರಿಪೋರ್ಟ್ ಎಲ್ಲಿ ಅಂತಲೇ ಕೇಳುತ್ತಾರೆ.

ಬಳ್ಳಾರಿಯ ಮೆಡಿಕಲ್ ಕಾಲೇಜು 1961ರಲ್ಲಿ ಶುರುವಾದದ್ದು, ಈಗ ಬಿಎಂಸಿಆರ್‌ಸಿ ಅಂತ ಹೆಸರು ಬದಲಾದರೂ ಜನರ ಬಾಯಲ್ಲಿ ವಿಮ್ಸ್. ಅಲ್ಲಿಂದ ಕೆಲವರನ್ನು ಬೆಂಗಳೂರಿನ ಕಿದ್ವಾಯಿಗೆ ಬರೆದುಕೊಡುತ್ತಾರೆ. 1973ರಿಂದ ಇರುವ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಅದು. ಹಂಪಿ ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಒಂದು ಕೆಲಸ ಮರೆಯಬೇಡಿ. ರಿಪೋರ್ಟಿನ ಜೆರಾಕ್ಸ್ ಒಂದನ್ನೇ ಹಿಡಿದು ಹೋದರೆ, ನಾವೇ ಇನ್ನೊಮ್ಮೆ ನೋಡಬೇಕು, ಬ್ಲಾಕ್ ಮತ್ತು ಸ್ಲೈಡ್ ತನ್ನಿ ಅಂತ ದೊಡ್ಡ ಆಸ್ಪತ್ರೆಗಳಲ್ಲಿ ಕೇಳುವುದುಂಟು. ಬ್ಲಾಕ್ ಅಂದರೆ ನಿಮ್ಮ ಚೂರು ಕೂತಿರುವ ಆ ಮೇಣದ ತುಂಡು. ಲ್ಯಾಬಿನಲ್ಲಿ ಅದನ್ನು ವರ್ಷಗಟ್ಟಲೆ ಜೋಪಾನ ಮಾಡಿರುತ್ತಾರೆ, ಅರ್ಜಿ ಬರೆದು ಸಹಿ ಹಾಕಿದರೆ ಕೊಡುತ್ತಾರೆ. ಸ್ಲೈಡು ಗಾಜು, ಒಡೆಯದ ಹಾಗೆ ಡಬ್ಬಿಯಲ್ಲಿ ಹತ್ತಿ ಇಟ್ಟು ಒಯ್ಯಿರಿ. ಬ್ಲಾಕು ಮೇಣ, ಏಪ್ರಿಲ್ ತಿಂಗಳಲ್ಲಿ ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಇಡಬೇಡಿ, ಕರಗುತ್ತದೆ. ಕೈಚೀಲದಲ್ಲಿ, ಬಟ್ಟೆಗಳ ನಡುವೆ ಇಟ್ಟುಕೊಳ್ಳಿ.